ಮೂರು ಜಿಲ್ಲೆಯ ಮೂವರು: ಮನುಷ್ಯ ಬದಲಾಗುವುದು ಯಾವುದರಿಂದ?

ಗುಮ್ಮಟದೂರಿನವ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಿನಲ್ಲಿರುವ ಒಂದು ಪ್ರಶ್ನೆ. ಇಲ್ಲಿ ನಮ್ಮ ಭಾಗದವರೇ ಜಾಸ್ತಿ ಇದ್ದೀರಿ, ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

2018ರ ಪದ್ಮಶ್ರೀ ಪಟ್ಟಿ ನೆನಪಿದೆಯಾ? ಅದರಲ್ಲಿ ನಮ್ಮ ಮೂರೂ ಜಿಲ್ಲೆಯವರ ಹೆಸರಿತ್ತು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ, ಬಾಗಲಕೋಟೆ ಜಿಲ್ಲೆ ಮಹಾಲಿಂಗಪುರದ ಇಬ್ರಾಹಿಂ ಸುತಾರ, ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ.

ಸ್ವಾಮೀಜಿ ಪ್ರಶಸ್ತಿ ಬೇಡ ಎಂದು ಪ್ರಧಾನಿಗೆ ಪತ್ರ ಬರೆದರು. ಜೇಬಿಲ್ಲದ ಬಿಳಿ ಅಂಗಿ ತೊಡುತ್ತಿದ್ದವರು ಅವರು. 2023ರ ಜನವರಿ 2ರಂದು ತೀರಿಕೊಂಡಾಗ, ಮೊದಲೇ ಬರೆದಿಟ್ಟಿದ್ದ ಮಾತು ಹೊರಗೆ ಬಂತು. ದೇಹವನ್ನು ಮಣ್ಣಿನಲ್ಲಿ ಇಡದೆ ಬೆಂಕಿಗೆ ಕೊಡಬೇಕು. ಶ್ರಾದ್ಧ ಬೇಡ. ಸ್ಮಾರಕ ಕಟ್ಟಬಾರದು. ಗದ್ದುಗೆ ಕಟ್ಟಿ ಪೂಜೆ ಮಾಡುವುದೇ ರೂಢಿಯಾಗಿರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಸುತಾರರು ಮೂರನೇ ಇಯತ್ತೆಗೆ ಶಾಲೆ ಬಿಟ್ಟವರು. ನೇಕಾರಿಕೆ ಮಾಡಿದವರು. ಕುರಾನಿನ ಜೊತೆಗೆ ವಚನ, ಉಪನಿಷತ್ತು, ತತ್ವಪದ ಎಲ್ಲವನ್ನೂ ಕಲಿತು ಭಜನಾ ಮೇಳ ಕಟ್ಟಿಕೊಂಡು ಊರೂರಿಗೆ ಹೋದರು. ಜನ ಪ್ರೀತಿಯಿಂದ ‘ಕನ್ನಡದ ಕಬೀರ’ ಎಂದರು. 2022ರ ಫೆಬ್ರವರಿಯಲ್ಲಿ ಅವರೂ ಹೋದರು.

ಸೀತವ್ವನವರನ್ನು ಏಳನೇ ವಯಸ್ಸಿಗೇ ದೇವದಾಸಿ ಮಾಡಿದ್ದರು. ದೊಡ್ಡವರಾದ ಮೇಲೆ ಘಟಪ್ರಭಾದಲ್ಲಿ ತಮ್ಮಂಥದೇ ಬದುಕು ಕಂಡ ಹೆಂಗಸರ ಜೊತೆ ಸೇರಿ ಸಂಸ್ಥೆ ಕಟ್ಟಿದರು. ಸಾವಿರಾರು ಹೆಣ್ಣುಮಕ್ಕಳು ಆ ಪದ್ಧತಿಯಿಂದ ಹೊರಗೆ ಬಂದರು.

ಒಬ್ಬರಿಗೆ ಓದು, ಒಬ್ಬರಿಗೆ ನಂಬಿಕೆ, ಒಬ್ಬರಿಗೆ ಪ್ರೀತಿ ಎಂದು ಹಂಚಿ ಹೇಳಬಹುದು. ಆದರೆ ಮೂವರಲ್ಲೂ ಮೂರೂ ಇವೆ, ಅಲ್ವಾ? ನನ್ನ ಪ್ರಶ್ನೆ ಅವರ ಬಗ್ಗೆ ಅಲ್ಲ, ನಮ್ಮ ಬಗ್ಗೆ. ಸ್ವಾಮೀಜಿಯವರ ಪ್ರವಚನ ಒಂದೂರಲ್ಲಿ ಶುರುವಾದರೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಸಾವಿರಾರು ಜನ ಬೆಳಗ್ಗೆ ಎದ್ದು ಹೋಗಿ, ಪಿಟ್ಟೆನ್ನದೆ ಕೂತು ಕೇಳುತ್ತಿದ್ದರು. ಸುತಾರರ ಮೇಳಕ್ಕೆ ರಾತ್ರಿಯೆಲ್ಲ ಜನ. ಇಷ್ಟು ಕೇಳಿದ ನಾವು ಬದಲಾಗಿದ್ದೇವಾ? ಮನುಷ್ಯ ನಿಜಕ್ಕೂ ಬದಲಾಗುವುದು ಯಾವುದರಿಂದ? ನೀವು ಕಂಡದ್ದನ್ನು ಬರೆಯಿರಿ.

ತಿಲಕವಾಡಿ ಓದುಗ, ಬೆಳಗಾವಿ

ನಿಮ್ಮ ಊರಿನವರದೇ ಒಂದು ಹೆಸರು ಸೇರಿಸುತ್ತೇನೆ. ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲರಾಗಿ ವಿಜಯಪುರಕ್ಕೆ ಬಂದವರು. ದುಡಿದಿದ್ದರೆ ದೊಡ್ಡ ಶ್ರೀಮಂತರಾಗಬಹುದಿತ್ತು. ಆದರೆ ಅವರಿಗೆ ವಚನಗಳ ಹುಚ್ಚು ಹಿಡಿಯಿತು.

ಆಗಿನ ಸ್ಥಿತಿ ನೆನೆಸಿಕೊಳ್ಳಿ. ವಚನದ ತಾಳೆಗರಿಗಳು ಎಷ್ಟೋ ಮನೆಗಳಲ್ಲಿ ಇದ್ದವು. ಎಲ್ಲಿ? ಜಗುಲಿಯ ಮೇಲೆ, ಬಟ್ಟೆಯಲ್ಲಿ ಕಟ್ಟಿ. ಅವಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ ಪೂಜೆ ಮಾಡುತ್ತಿದ್ದರು. ಬಿಚ್ಚಿ ಓದುವವರು ಕಡಿಮೆ. ಹಳಕಟ್ಟಿಯವರು ಊರೂರು ಅಲೆದರು, ಮನೆ ಮನೆಗೆ ಹೋಗಿ ಕೇಳಿದರು, ಓದಿದರು, ನಕಲು ಮಾಡಿಕೊಂಡರು. ಮೊದಲು ಸುಮಾರು 50 ವಚನಕಾರರ ಹೆಸರು ಗೊತ್ತಿದ್ದ ಕಡೆ 250ಕ್ಕೂ ಹೆಚ್ಚು ಹೆಸರು ಬೆಳಕಿಗೆ ಬಂದವು. 1923ರಲ್ಲಿ ಅವರ ಮೊದಲ ದೊಡ್ಡ ಸಂಕಲನ ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲಿ. ಆಮೇಲೆ ಸ್ವಂತ ಮನೆ ಮಾರಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು.

ಇವತ್ತು ಭಾಷಣದಲ್ಲಿ, ಮದುವೆ ಕಾರ್ಡಿನಲ್ಲಿ, ಶಾಲೆಯ ಗೋಡೆಯ ಮೇಲೆ ವಚನ ಕಾಣುತ್ತವೆ. ಅದರ ಹಿಂದೆ ಒಬ್ಬ ಮನುಷ್ಯ ಮಾರಿದ ಮನೆ ಇದೆ ಎಂದು ನೆನಪಾದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ನನ್ನ ಪ್ರಕಾರ ಯಾರು ಯಾವುದಕ್ಕಾಗಿ ಏನನ್ನು ಬಿಟ್ಟರು ಎಂದು ನೋಡಿದರೆ ಅವರ ಪ್ರೀತಿ ತಿಳಿಯುತ್ತದೆ. ಸ್ವಾಮೀಜಿ ಪ್ರಶಸ್ತಿ ಬಿಟ್ಟರು, ಹಳಕಟ್ಟಿ ಮನೆ ಬಿಟ್ಟರು. ನಾವು ಏನೂ ಬಿಡುವುದಿಲ್ಲ, ಅದಕ್ಕೇ ಬದಲಾಗುವುದಿಲ್ಲ.

ಸವದತ್ತಿ ಟೀಚರ್

ತಿಲಕವಾಡಿ ಅವರೇ, ನಿಮ್ಮ ಮಾತು ಕೇಳಲು ಚಂದ. ಆದರೆ ಬಿಡಲಿಕ್ಕೆ ಮೊದಲು ಕೈಯಲ್ಲಿ ಏನಾದರೂ ಇರಬೇಕು. ಹಳಕಟ್ಟಿಯವರಿಗೆ ಮಾರಲು ಮನೆ ಇತ್ತು. ಏಳು ವರ್ಷದ ಹುಡುಗಿಯ ಕೊರಳಿಗೆ ದೇವದಾಸಿಯ ಮುತ್ತು ಕಟ್ಟಿದಾಗ ಆಕೆ ಬಿಟ್ಟದ್ದು ಏನು? ಅವಳಿಂದ ಎಲ್ಲವನ್ನೂ ಕಿತ್ತುಕೊಂಡರು. ಅದಕ್ಕೂ ‘ದೇವಿಗೆ ಬಿಟ್ಟೇವಿ’ ಎಂದೇ ಹೇಳುತ್ತಿದ್ದರು.

ನಾನು ಎಲ್ಲಮ್ಮನ ಗುಡ್ಡದ ಹತ್ತಿರವೇ ಬೆಳೆದವಳು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಬರುವ ಚಕ್ಕಡಿ, ‘ಉಧೋ ಉಧೋ’ ಎನ್ನುವ ದನಿ, ಭಂಡಾರ, ಇದೆಲ್ಲ ನನಗೆ ಪ್ರೀತಿಯೇ. ನನ್ನವ್ವನ ನಂಬಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೂ ಕದ್ದುಮುಚ್ಚಿ ಮುತ್ತು ಕಟ್ಟಿದ್ದಾರೆ. ಕಟ್ಟಿದವರು ರಾಕ್ಷಸರಾಗಿರಲಿಲ್ಲ. ಗಂಡುಮಕ್ಕಳಿಲ್ಲ, ಮುಪ್ಪಿನಲ್ಲಿ ನೋಡುವವರು ಯಾರು ಎಂಬ ಭಯ, ಬಡತನ, ತಲೆಯಲ್ಲಿ ಜಡೆ ಗಂಟಾಯಿತು, ದೇವಿ ಕರೆದಳು ಎಂಬ ಅಂಜಿಕೆ. ಪ್ರೀತಿಸುವ ತಂದೆತಾಯಿಯೇ ಇದನ್ನು ಮಾಡಿದರು. ಮನುಷ್ಯ ಸ್ವಭಾವದ ಬಗ್ಗೆ ಮಾತಾಡುವಾಗ ಇದನ್ನು ಪಕ್ಕಕ್ಕೆ ಇಡಬೇಡಿ.

ಸೀತವ್ವನವರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅವರು ಪಾರಾಗಿ ಸುಮ್ಮನಾಗಲಿಲ್ಲ ಎಂಬುದು. ತಾನು ದಾಟಿದ ಮೇಲೆ ಉಳಿದವರ ಕೇರಿಗೆ ವಾಪಸ್ ಹೋದರು.

ಗುಮ್ಮಟದೂರಿನವ, ವಿಜಯಪುರ

ಟೀಚರ್, ಒಪ್ಪುತ್ತೇನೆ. ಬಿಡುವುದು ಬೇರೆ, ಬಿಡಿಸಿಕೊಂಡದ್ದು ಬೇರೆ. ಹೆಣ್ಣುಮಕ್ಕಳಿಗೆ ಮಾತ್ರ ‘ನೀನೇ ಸ್ವಲ್ಪ ಬಿಟ್ಟುಕೊಡು’ ಎಂದು ಕಲಿಸಿದ್ದೇವೆ.

ಚಡಚಣದ ಹುಡುಗ

ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನ್ನಿಸಿತು.

ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಮೂರು ವರ್ಷದಿಂದ ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆ. ಜಾತಿ ಬೇರೆ. ಮನೆಯಲ್ಲಿ ಗೊತ್ತಾದಾಗಿನಿಂದ ಅಪ್ಪ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ನಮ್ಮ ಅಪ್ಪ ಕೆಟ್ಟ ಮನುಷ್ಯ ಅಲ್ಲ. ಸ್ವಾಮೀಜಿಯವರ ಪ್ರವಚನ ತಪ್ಪಿಸಿದವರಲ್ಲ. ನೂರಾರು ವಚನ ಬಾಯಿಪಾಠ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾದ ಕಥೆಯನ್ನು ನನಗೆ ಸಣ್ಣವನಿದ್ದಾಗ ಹೇಳಿದ್ದೇ ಅವರು. ಅದಕ್ಕಾಗಿ ಆ ಇಬ್ಬರು ತಂದೆಯರನ್ನು ದೊರೆ ಬಿಜ್ಜಳ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದ ಜಾಗಕ್ಕೆ ಬಂದಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಅದೇ ಅಪ್ಪ ಈಗ ‘ಊರಾಗ ತಲಿ ಎತ್ತಿ ಹ್ಯಾಂಗ ತಿರುಗಲಿ’ ಎನ್ನುತ್ತಾರೆ.

ಎಂಟುನೂರು ವರ್ಷದ ಹಿಂದಿನ ಮದುವೆಗೆ ಅಳುವ ಮನುಷ್ಯ ಮಗನ ಮದುವೆಗೆ ಯಾಕೆ ಒಪ್ಪುವುದಿಲ್ಲ? ಗುಮ್ಮಟದೂರಿನ ಅಣ್ಣ ಕೇಳಿದ ಪ್ರಶ್ನೆಯೇ ನನ್ನದೂ. ಕೇಳಿದರೆ, ಓದಿದರೆ ಬದಲಾಗುತ್ತಾರೆ ಎಂದು ನಂಬಿದ್ದೆ.

ನವನಗರದ ಅಕ್ಕ, ಬಾಗಲಕೋಟೆ

ತಮ್ಮಾ, ನಿಮ್ಮ ಅಪ್ಪನ ಮಾತಿನಲ್ಲಿ ಒಂದನ್ನು ಗಮನಿಸು. ‘ಊರಾಗ’ ಎಂದಿದ್ದಾರೆ. ಅವರಿಗೆ ಅಂಜಿಕೆ ಇರುವುದು ಊರಿನದು.

ಊರು ಎಂದರೆ ಏನು ಎಂಬುದನ್ನು ನಾವು ಬಾಗಲಕೋಟೆಯವರು ಬೇರೆ ರೀತಿಯಲ್ಲಿ ಕಲಿತೆವು. ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸಿದಾಗ ಹಳೇ ಊರಿನ ಎಷ್ಟೋ ಭಾಗ ಹಿನ್ನೀರಿಗೆ ಹೋಯಿತು. ನಾವು ಸೆಕ್ಟರ್ ನಂಬರಿನ ಮನೆಗಳಿಗೆ ಬಂದೆವು. ಹಳೇ ಓಣಿಯಲ್ಲಿ ಯಾರ ಮನೆಯಲ್ಲಿ ಯಾರು ನೀರು ಕುಡಿಯಬಹುದು, ಯಾರು ಹೊಸ್ತಿಲು ದಾಟಬಹುದು ಎಂಬ ಲೆಕ್ಕ ಇತ್ತು. ಇಲ್ಲಿ ಪಕ್ಕದ ಮನೆಯವರು ಯಾರು ಎಂದೇ ಗೊತ್ತಿರಲಿಲ್ಲ. ನಮ್ಮ ಅತ್ತೆ ಮೊದಮೊದಲು ಬಾಗಿಲು ಹಾಕಿಕೊಂಡೇ ಇರುತ್ತಿದ್ದರು. ಒಂದು ರಾತ್ರಿ ಮಾವನಿಗೆ ಎದೆನೋವು ಬಂತು. ಗಾಡಿ ತೆಗೆದು ಆಸ್ಪತ್ರೆಗೆ ಕರೆದುಕೊಂಡು ಹೋದವನು ಪಕ್ಕದ ಮನೆಯ ಹುಡುಗ. ಹಳೇ ಊರಿನಲ್ಲಿದ್ದರೆ ಅವನನ್ನು ಅತ್ತೆ ಪಡಸಾಲೆಗೂ ಕರೆಯುತ್ತಿರಲಿಲ್ಲ. ಅಲ್ಲಿಂದ ಆಚೆ ಅವರ ಮನೆಗೆ ಹೋಳಿಗೆ ಮೊದಲು ಹೋಗುತ್ತದೆ.

ಇದನ್ನು ಮುಳುಗಡೆಯ ಪುಣ್ಯ ಎಂದು ಹೇಳುತ್ತಿಲ್ಲ. ಕಳೆದುಕೊಂಡದ್ದು ಕಳೆದುಕೊಂಡದ್ದೇ. ಅತ್ತೆ ಹಳೇ ಮನೆ ನೆನೆಸಿ ಇವತ್ತಿಗೂ ಅಳುತ್ತಾರೆ. ಆದರೆ ನೋಡುವ ಕಣ್ಣುಗಳ ಕಾಟ ಕಡಿಮೆಯಾದಾಗ ಅವರೊಳಗಿನ ಒಳ್ಳೆಯತನ ಹೊರಗೆ ಬಂತು, ಅದನ್ನು ನಾನು ಕಣ್ಣಾರೆ ಕಂಡೆ.

ಇಳಕಲ್ ಮಗ್ಗ

ಚಡಚಣದ ತಮ್ಮನ ಪ್ರಶ್ನೆ ಓದಿ ನಮ್ಮೂರಿನ ಮಹಾಂತ ಅಪ್ಪಗಳು ನೆನಪಾದರು. ಇಳಕಲ್ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ. ಆಗಸ್ಟ್ 1, ಅವರ ಹುಟ್ಟಿದ ದಿನವನ್ನು ಸರ್ಕಾರ ವ್ಯಸನಮುಕ್ತ ದಿನ ಎಂದು ಆಚರಿಸುತ್ತದೆ.

ಅವರು ಜೋಳಿಗೆ ಹಿಡಿದು ಓಣಿ ಓಣಿಗೆ ಹೋಗುತ್ತಿದ್ದರು. ದುಡ್ಡು, ಜೋಳ ಕೇಳುತ್ತಿರಲಿಲ್ಲ. ನಿನ್ನ ಕುಡಿತ ಹಾಕು, ನಿನ್ನ ಬೀಡಿ, ಗುಟ್ಕಾ ಹಾಕು ಎಂದು ಕೇಳುತ್ತಿದ್ದರು. ಇದನ್ನೇ ಮಹಾಂತ ಜೋಳಿಗೆ ಎಂದು ಕರೆಯುವುದು. ನಮ್ಮ ನೇಕಾರರ ಓಣಿಯ ಕಷ್ಟ ಗೊತ್ತಲ್ಲ, ವಾರದ ಕೂಲಿ ಬಂದ ದಿನವೇ ಅರ್ಧ ಅಂಗಡಿಗೆ. ನನ್ನ ದೊಡ್ಡಪ್ಪ ಮಠದ ಕಟ್ಟೆಯ ಮೇಲೆ ಕೂತು ಎಷ್ಟೋ ಉಪದೇಶ ಕೇಳಿದ್ದ. ಸಂಜೆಗೆ ಮತ್ತೆ ಕುಡಿಯುತ್ತಿದ್ದ. ಜೋಳಿಗೆ ಅವನ ಬಾಗಿಲಿಗೇ ಬಂತು. ಹೆಂಡತಿ, ಮಕ್ಕಳು, ಓಣಿಯ ಜನ ನೋಡುತ್ತಿರುವಾಗ ಹೆಸರು ಹಿಡಿದು ಕೇಳಿದರು. ಹಾಕಿದ. ನಡುವೆ ಒಮ್ಮೆ ಜಾರಿದ, ಮತ್ತೆ ಬಿಟ್ಟ. ಸಾಯುವವರೆಗೂ ಮುಟ್ಟಲಿಲ್ಲ.

ನನಗೆ ಇದರಿಂದ ತಿಳಿದದ್ದು ಇಷ್ಟು. ಸಾವಿರ ಜನರ ನಡುವೆ ಕೂತಾಗ ಮಾತು ಎಲ್ಲರಿಗೂ ಹೇಳಿದ್ದು ಅನ್ನಿಸುತ್ತದೆ. ಪಕ್ಕದವನಿಗೆ ಇದು ಬೇಕಿತ್ತು ಎಂದುಕೊಂಡು ಎದ್ದು ಬರುತ್ತೇವೆ. ಮನೆ ಬಾಗಿಲಿಗೆ ಬಂದು, ಹೆಸರು ಹಿಡಿದು, ‘ಇದನ್ನು ನನಗೆ ಕೊಡು’ ಎಂದು ಕೇಳಿದಾಗ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಹಳಕಟ್ಟಿಯವರು ಮನೆ ಮನೆಗೆ ಹೋದರು. ಸೀತವ್ವನವರು ಕೇರಿ ಕೇರಿಗೆ ಹೋದರು. ಸುತಾರರ ಮೇಳದಲ್ಲೂ ಹಾಡಿನ ನಡುವೆ ಒಬ್ಬರು ಪ್ರಶ್ನೆ ಕೇಳುವುದು, ಇನ್ನೊಬ್ಬರು ಉತ್ತರ ಹೇಳುವುದು ಇರುತ್ತಿತ್ತು. ಕೂತವನ ಮನಸ್ಸಿನ ಸಂಶಯವನ್ನೇ ಎತ್ತಿ ಕೇಳಿದ ಹಾಗೆ.

ಪಟ್ಟದಕಲ್ಲಿನ ದಾರಿ

ಜೋಳಿಗೆಯ ಮಾತು ಬಹಳ ಹಿಡಿಸಿತು. ನನ್ನ ಕಡೆಯಿಂದ ಎರಡು ಸಂಗತಿ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಗಂಡ, ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ, ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಆ ಗೆಲುವಿನ ಕಥೆ ನೋಡಿ. ಹಿಂದೆ ಪಲ್ಲವರು ಬಾದಾಮಿಯನ್ನು ಸುಟ್ಟು ಹಾಳು ಮಾಡಿದ್ದರು. ಸುಮಾರು ನೂರು ವರ್ಷ ಕಳೆದು ಈತ ಕಂಚಿಗೆ ನುಗ್ಗಿದ. ಸೇಡು ತೀರಿಸಲು ಎಲ್ಲ ಅವಕಾಶ ಇತ್ತು. ಊರನ್ನು ಹಾಳು ಮಾಡಲಿಲ್ಲ. ಕೈಲಾಸನಾಥ ಗುಡಿಯ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟು ಬಂದ. ಹಾಗೆಂದು ಆ ಗುಡಿಯಲ್ಲಿ ಕನ್ನಡದಲ್ಲಿ ಶಾಸನ ಹಾಕಿಸಿದ್ದಾನೆ, ಇವತ್ತಿಗೂ ಇದೆ. ಅವನ ಬಾಗಿಲಿಗೆ ಯಾವ ಜೋಳಿಗೆಯೂ ಬಂದಿರಲಿಲ್ಲ. ಗೆದ್ದವನಿಗೆ ಹೇಳುವವರು ಯಾರು? ಆದರೂ ಕೈ ತಡೆದ. ಕಲ್ಲಿನ ಗುಡಿಯ ಚಂದ ಅವನನ್ನು ತಡೆಯಿತು ಎಂದು ನಾನು ನಂಬುತ್ತೇನೆ.

ಇನ್ನೊಂದು, ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ. ಕನ್ನಡದ ಮೊದಲ ತ್ರಿಪದಿ ಅಲ್ಲಿದೆ. ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾದವರಿಗೆ ಸಿಹಿ, ಕಾಡಿದವರಿಗೆ ಮಾತ್ರ ಮಾಧವನೇ ಎದುರು ನಿಂತ ಹಾಗೆ ಎಂಬ ಅರ್ಥ. ನನಗೆ ಇಬ್ಬರೂ ಬೇಕು. ಎಲ್ಲ ಕಡೆ ಮೆತ್ತಗಾದರೆ ಟೀಚರ್ ಹೇಳಿದಂಥ ಅನ್ಯಾಯ ನಿಲ್ಲುವುದಿಲ್ಲ.

ಹಿರಿಯ ನಾಗರಿಕ, ಬೆಳಗಾವಿ

ಎಲ್ಲರೂ ದೊಡ್ಡವರ ಮಾತು ಹೇಳುತ್ತಿದ್ದೀರಿ. ಯಾರ ಉಪದೇಶವೂ ಇಲ್ಲದೆ ನಡೆಯುವ ಒಳ್ಳೆಯದೂ ಇದೆ. ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆಗಳೇ ಇಲ್ಲ. ಆದರೂ ಊರವರು ಮೊಹರಂ ಮಾಡುತ್ತಾರೆ. ನಮ್ಮ ಈ ಭಾಗದ ಎಷ್ಟೋ ಹಳ್ಳಿಯಲ್ಲಿ ಮೊಹರಂ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಮೊಹರಮ್ಮಿನ ರಿವಾಯತ್ ಪದ ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಬೆಂಕಿಯ ಮುಂದೆ ಹರಕೆ ಹೊರುವ ಮುದುಕಿಗೆ ಭಾವೈಕ್ಯ ಎಂಬ ಮಾತು ಯಾರೂ ಕಲಿಸಿಲ್ಲ. ಅವ್ವ ಮಾಡುತ್ತಿದ್ದಳು, ಅವಳೂ ಮಾಡುತ್ತಾಳೆ. ರೂಢಿ ಒಳ್ಳೆಯದಿದ್ದರೆ ಮನುಷ್ಯ ತಾನಾಗಿಯೇ ಒಳ್ಳೆಯವನಾಗಿರುತ್ತಾನೆ.

ಸವದತ್ತಿ ಟೀಚರ್

ಹಿರಿಯರಿಗೆ ಗೌರವದಿಂದಲೇ ಹೇಳುತ್ತೇನೆ. ನೀವು ಹೇಳಿದ ಊರೂ ನಮ್ಮ ತಾಲೂಕಿನದೇ, ಎಲ್ಲಮ್ಮನ ಗುಡ್ಡವೂ ನಮ್ಮ ತಾಲೂಕಿನದೇ. ಮುತ್ತು ಕಟ್ಟಿದವರೂ ‘ಅವ್ವ ಮಾಡುತ್ತಿದ್ದಳು, ಅದಕ್ಕೇ ನಾನೂ’ ಎಂದೇ ಹೇಳಿದರು. ರೂಢಿಗೆ ಕಣ್ಣಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ನೋಡಲು ಓದು ಬೇಕು. ನನ್ನ ತರಗತಿಯಲ್ಲಿ ಹೆಣ್ಣುಮಕ್ಕಳು ಎದ್ದು ನಿಂತು ‘ಯಾಕೆ ಮೇಡಂ?’ ಎಂದು ಕೇಳಿದ ದಿನ ನನಗೆ ಹಬ್ಬ. ಶಾಲೆಯಲ್ಲಿ ನಾನು ಕಲಿಸಬಹುದಾದ ದೊಡ್ಡ ಪಾಠ ಅದೊಂದೇ ಎಂದು ತಿಳಿದುಕೊಂಡಿದ್ದೇನೆ.

ಮತ್ತೆ, ಚಡಚಣದ ತಮ್ಮಾ, ನಿನ್ನ ಬರಹದಲ್ಲಿ ಅಪ್ಪನ ಬಗ್ಗೆ ಎಲ್ಲ ಇದೆ. ಆ ಹುಡುಗಿಗೆ ಏನು ಬೇಕು ಎಂದು ಒಂದು ಸಾಲೂ ಇಲ್ಲ. ಅವಳ ಮನೆಯಲ್ಲಿ ಏನಾಗುತ್ತಿದೆ? ನಿನಗೆ ಮಾತು ಬಂದ್ ಆಗಿದೆ. ಹುಡುಗಿಯರಿಗೆ ಕಾಲೇಜೇ ಬಂದ್ ಆಗುತ್ತದೆ.

ಚಡಚಣದ ಹುಡುಗ

ಮೇಡಂ, ನೀವು ಕೇಳಿದ ಮೇಲೆ ಅವಳಿಗೆ ಈ ಚರ್ಚೆಯನ್ನು ಓದಲು ಕೊಟ್ಟೆ. ಅವಳು ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಅವಳ ಅವ್ವನಿಗೆ ಗೊತ್ತಿದೆ, ಅಪ್ಪನಿಗೆ ಗೊತ್ತಿಲ್ಲ. ಅವಳ ಮಾತನ್ನು ಹಾಗೇ ಬರೆಯುತ್ತೇನೆ: ‘ನನಗೆ ಮೊದಲು ಕೆಲಸ ಬೇಕು. ಓಡಿ ಹೋಗುವುದು ಬೇಡ. ನಮ್ಮ ಮನೆಯಲ್ಲಿ ನಾನೇ ಹೇಳುತ್ತೇನೆ, ನಿಮ್ಮ ಅಪ್ಪನಿಗೆ ನೀನು ಹೇಳು. ಅವರು ಒಪ್ಪದಿದ್ದರೂ ನಾನು ಅವರನ್ನು ಬೈಯುವುದಿಲ್ಲ, ಆದರೆ ಕಾಯುವುದಕ್ಕೂ ಒಂದು ಮಿತಿ ಇದೆ.’

ನಾನು ಅಪ್ಪನ ಎದುರು ಹರಳಯ್ಯನ ಹೆಸರು ಎತ್ತಬೇಕೆಂದಿದ್ದೆ. ಎತ್ತಲಾ?

ನವನಗರದ ಅಕ್ಕ, ಬಾಗಲಕೋಟೆ

ಬೇಡ. ಅವರು ಪ್ರೀತಿಯಿಂದ ಹೇಳಿಕೊಟ್ಟ ಕಥೆಯನ್ನು ತಿರುಗಿಸಿ ಅವರಿಗೇ ಹೊಡೆಯಬೇಡ. ಸೋತೆ ಅನ್ನಿಸಿದರೆ ಗಂಡಸರು ಇನ್ನೂ ಗಟ್ಟಿಯಾಗುತ್ತಾರೆ. ಆ ಕಥೆ ಅವರೊಳಗೆ ಇದ್ದೇ ಇದೆ, ಅದೇ ಕೆಲಸ ಮಾಡಲಿ. ನೀನು ಆ ಹುಡುಗಿಯ ಬಗ್ಗೆ ಹೇಳು. ಅವಳು ಓದಿದ್ದು, ಅವಳ ಮನೆಯ ಕಷ್ಟ, ಅವಳು ಆಡಿದ ಈ ಮಾತು.

ಗುಮ್ಮಟದೂರಿನವ, ವಿಜಯಪುರ

ಅಕ್ಕನ ಮಾತಿಗೆ ನನ್ನ ಒಪ್ಪಿಗೆ. ಇನ್ನೊಂದು ವ್ಯವಹಾರದ ಮಾತು. ಮುಂದೆ ಮದುವೆಯ ಹೊತ್ತು ಬಂದಾಗ ವಿಶೇಷ ವಿವಾಹ ಕಾಯ್ದೆ, 1954 ಇದೆ. ಅದರಲ್ಲಿ ನೋಂದಣಿಗೆ ಮೊದಲು 30 ದಿನದ ನೋಟಿಸ್ ಇರುತ್ತದೆ. ಕಚೇರಿಯ ಬೋರ್ಡಿನಲ್ಲಿ ಹೆಸರು ಹಾಕುತ್ತಾರೆ. ಹಾಗಾಗಿ ಎರಡೂ ಮನೆಗೆ ಹೇಳುವ ಕೆಲಸ ಅದಕ್ಕಿಂತ ಮೊದಲೇ ಮುಗಿದಿರಲಿ. ಅವಳಿಗೆ ಮನೆಯಲ್ಲಿ ಅಪಾಯ ಇದೆ ಅನ್ನಿಸಿದರೆ ಕಾಯಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲು ಹೇಳು.

ಇಳಕಲ್ ಮಗ್ಗ

ತಮ್ಮಾ, ನಿಮ್ಮ ಅಪ್ಪ ಊರಿಗೆ ಅಂಜಿದ್ದರೆ ಊರಿನ ಹೊರಗಿನವರು ಒಬ್ಬರು ಹೋಗಿ ಮಾತಾಡುವುದು ಒಳ್ಳೆಯದು. ನನ್ನ ವಯಸ್ಸು ಅವರದೇ ಇರಬಹುದು. ನನ್ನ ಮಗಳು ಬೇರೆ ಜಾತಿಯವನನ್ನು ಮದುವೆಯಾಗಿದ್ದಾಳೆ. ಆಗ ನಾನು ಅನುಭವಿಸಿದ್ದು ಏನು, ಈಗ ನಮ್ಮ ಮನೆ ಹೇಗಿದೆ, ಎರಡನ್ನೂ ಮುಚ್ಚಿಡದೆ ಹೇಳಬಲ್ಲೆ. ಸೀರೆ ವ್ಯಾಪಾರಕ್ಕೆ ಚಡಚಣಕ್ಕೆ ಬರುವುದು ಇದ್ದೇ ಇದೆ. ನೀನು ಒಪ್ಪಿದರೆ ಬರುತ್ತೇನೆ. ವಿಳಾಸವನ್ನು ಇಲ್ಲಿ ಹಾಕಬೇಡ, ಖಾಸಗಿ ಸಂದೇಶದಲ್ಲಿ ಕಳಿಸು.

ಚಡಚಣದ ಹುಡುಗ

ಕಾಕಾ, ಬನ್ನಿ. ಎಳ್ಳ ಅಮಾವಾಸ್ಯೆಗೆ ನಾನೂ ಊರಿಗೆ ಹೋಗುತ್ತೇನೆ. ಅಪ್ಪ ಅವತ್ತು ಹೊಲದಲ್ಲಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುತ್ತಾರೆ, ಮನಸ್ಸು ಚೆನ್ನಾಗಿರುತ್ತದೆ. ಮಾತಾಡುವುದನ್ನು ಮರುದಿನಕ್ಕೆ ಇಟ್ಟುಕೊಳ್ಳೋಣ. ವಿಳಾಸ ಈಗಲೇ ಕಳಿಸುತ್ತಿದ್ದೇನೆ. ನೀವು ಬರುವ ವಿಷಯವನ್ನು ಅವ್ವನಿಗೆ ನಾನೇ ಮೊದಲು ಹೇಳಿರುತ್ತೇನೆ.